ಮರ, ಸಸಿ, ತೋಪು: ವೃಕ್ಷ ಸಂರಕ್ಷಣಾ ಕಾಯಿದೆಯ ಪರಿಭಾಷೆ ಮತ್ತು ಬೆಂಗಳೂರು ದಂಡು ಪ್ರದೇಶ

1. ಪ್ರವೇಶ

2025ರ ಏಪ್ರಿಲ್ ತಿಂಗಳಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವೃಕ್ಷ ಅಧಿಕಾರಿಗಳಿಂದ ಒಂದು ಸಾರ್ವಜನಿಕ ಪ್ರಕಟಣೆ ಹೊರಬಿತ್ತು. ಬೆಂಗಳೂರು ದಂಡು ರೈಲು ನಿಲ್ದಾಣದ ಆಸುಪಾಸಿನ ರೈಲ್ವೆ ಕಾಲೊನಿಯಲ್ಲಿ, ವಾಣಿಜ್ಯ ಉದ್ದೇಶಕ್ಕೆ ಗೊತ್ತುಮಾಡಿದ ನೆಲದ ಮೇಲಿದ್ದ 368 ಮರಗಳನ್ನು ತೆರವುಗೊಳಿಸುವ ಕೋರಿಕೆ ಬಂದಿದೆ, ಆಕ್ಷೇಪಣೆ ಇದ್ದವರು ಸಲ್ಲಿಸಬಹುದು ಎಂಬುದು ಅದರ ಸಾರಾಂಶ. ಇದಾದ ಎರಡು ತಿಂಗಳಲ್ಲಿ, ಅದೇ ವರ್ಷದ ಜೂನ್‌ನಲ್ಲಿ, ರಾಜ್ಯ ಸರ್ಕಾರವು ಆ 8.61 ಎಕರೆ ನೆಲವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಉದ್ದೇಶದ ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿತು.

ಈ ಎರಡೂ ಪತ್ರಗಳು ಒಂದೇ ನೆಲವನ್ನು, ಅದರ ಮೇಲಿನ ಅವೇ ಮರಗಳನ್ನು ಕುರಿತು ಮಾತಾಡುತ್ತವೆ. ಆದರೆ ಮಾತಿನ ಘಟಕ ಬೇರೆ. ಮೊದಲನೆಯದು ಮರಗಳನ್ನು ಒಂದೊಂದಾಗಿ ಎಣಿಸುತ್ತದೆ. ಎರಡನೆಯದು ಅವು ಒಟ್ಟಾಗಿ ನಿಂತ ಜಾಗವನ್ನು ಹೆಸರಿಸುತ್ತದೆ. ಮೊದಲನೆಯದಕ್ಕೆ ಆಧಾರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ಎರಡನೆಯದಕ್ಕೆ ಆಧಾರ 2002ರ ಜೀವವೈವಿಧ್ಯ ಅಧಿನಿಯಮದ 37ನೆಯ ಪ್ರಕರಣ. ಎಣಿಕೆಯ ಭಾಷೆಯಲ್ಲಿ ಕಡಿಯಲು ಸಿದ್ಧವಾಗಿದ್ದ ಮರಗಳು ಜಾಗದ ಭಾಷೆಗೆ ಬಂದೊಡನೆ ಬೇರೊಂದು ಸ್ಥಾನವನ್ನು ಪಡೆದುದು ಗಮನಾರ್ಹ.

ಮರಗಳ ಸಂರಕ್ಷಣೆಯನ್ನು ಪರಿಸರ ವಿಜ್ಞಾನದ ನೆಲೆಯಲ್ಲೂ ಆಡಳಿತದ ನೆಲೆಯಲ್ಲೂ ಚರ್ಚಿಸಲಾಗಿದೆ. ಪ್ರಸ್ತುತ ಲೇಖನವು ಅದನ್ನು ಭಾಷೆಯ ನೆಲೆಯಿಂದ ಪರಿಶೀಲಿಸಲು ಪ್ರಯತ್ನಿಸುತ್ತದೆ. ಕಾಯಿದೆ ಯಾವುದನ್ನು 'ಮರ' ಎನ್ನುತ್ತದೆ? ಕನ್ನಡ ಸಮುದಾಯಗಳು ಮರಗಳನ್ನು ಯಾವ ಪದಗಳಲ್ಲಿ ಗುರುತಿಸುತ್ತ ಬಂದಿವೆ? ಈ ಎರಡರ ನಡುವಿನ ಅಂತರವು ನೆಲದ ಮೇಲೆ ಯಾವ ಪರಿಣಾಮವನ್ನು ಉಂಟುಮಾಡುತ್ತದೆ? ಈ ಪ್ರಶ್ನೆಗಳಿಗೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಭಾಗಗಳನ್ನು ಅಧ್ಯಯನದ ಕ್ಷೇತ್ರವಾಗಿ ಆರಿಸಿಕೊಳ್ಳಲಾಗಿದೆ. 1976ರ ಕಾಯಿದೆಯು ಬಿಡಿ ಮರವನ್ನು ಮಾತ್ರ ಕಾಣಬಲ್ಲದು, ಕನ್ನಡದ ಪದಸಂಪತ್ತು ಮರಗಳ ಕೂಟವನ್ನು ಕಾಣುತ್ತದೆ, ಉಳಿಸಬೇಕಾದುದು ಕೂಟವೇ ಆದ್ದರಿಂದ ಈ ಪದಗಳಿಗೆ ಆಡಳಿತದ ಕಡತಗಳಲ್ಲಿ ಜಾಗ ದೊರೆಯಬೇಕು ಎಂಬುದು ಲೇಖನದ ವಾದ.

2. ದಂಡು ಮತ್ತು ಹಳ್ಳಿ: ಎರಡು ಬಗೆಯ ನೆರಳು

ಬೆಂಗಳೂರಿನ ಪೂರ್ವ ಭಾಗದ ಮರಗಳ ಚರಿತ್ರೆಗೆ ಎರಡು ಮೂಲಗಳಿವೆ. ಒಂದು, 1809ರ ಹೊತ್ತಿಗೆ ಹಲಸೂರಿನ ಬಳಿ ನೆಲೆಗೊಂಡ ಬ್ರಿಟಿಷ್ ದಂಡು. 1862ರಲ್ಲಿ ಪೇಟೆಗೂ ದಂಡಿಗೂ ಬೇರೆಬೇರೆ ಪುರಸಭೆಗಳು ಏರ್ಪಟ್ಟವು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲು ಬಂದಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಪ್ರದೇಶವು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. 1947ರ ಜುಲೈನಲ್ಲಿ ಅದು ಮೈಸೂರಿಗೆ ಹಿಂತಿರುಗಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಹೀಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಎರಡು ಊರುಗಳ ರಸ್ತೆ, ಚರಂಡಿ, ಮರಗಳೆಲ್ಲ ಬೇರೆಬೇರೆ ಕೈಗಳಲ್ಲಿದ್ದವು.

ದಂಡಿನ ಮರಗಳು ಅಗಲವಾದ ರಸ್ತೆ, ಕವಾಯತು ಮೈದಾನ, ಬಂಗಲೆಯ ಅಂಗಳ ಇವುಗಳ ಭಾಗವಾಗಿ ಯೋಜಿತವಾದವು. ಉಷ್ಣವಲಯದ ಅಮೆರಿಕದಿಂದ ಬಂದ ಮಳೆಮರ, ಮಡಗಾಸ್ಕರ್ ಮೂಲದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಾಂಡ ಮತ್ತು ಟಬೆಬೂಯ, ಆಫ್ರಿಕದ ಟ್ಯೂಲಿಪ್ ಮರ ಮುಂತಾದವು ನಗರದ ಬೀದಿಗಳಿಗೆ ಬಂದುದು ಈ ದೃಷ್ಟಿಯಿಂದ. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರ ಕೊಡುಗೆ ಇದರಲ್ಲಿ ಪ್ರಸಿದ್ಧವಾದುದು. ಈ ಮರಗಳು ಹೊರಗಿನಿಂದ ಬಂದವಾದರೂ ಕನ್ನಡವು ಇವನ್ನು ಹೊರಗೇ ಬಿಡಲಿಲ್ಲ. ಕಾಯಿಗಳನ್ನು ಹಿಡಿದು ಮಕ್ಕಳು ಕತ್ತಿವರಸೆ ಆಡಿದ್ದರಿಂದ ಗುಲ್‌ಮೊಹರ್ 'ಕತ್ತಿಕಾಯಿ ಮರ'ವಾಯಿತು. ಮೊಗ್ಗನ್ನು ಹಿಸುಕಿದರೆ ನೀರು ಚಿಮ್ಮುವ ಟ್ಯೂಲಿಪ್ ಮರ 'ನೀರುಕಾಯಿ ಮರ'ವಾಯಿತು. ಬಳಕೆಯಿಂದ ಹುಟ್ಟಿದ ಇಂಥ ಹೆಸರುಗಳು ಒಂದು ಮರ ಆ ಊರಿನದಾಯಿತೆಂಬುದಕ್ಕೆ ಸಾಕ್ಷ್ಯ. 'ಸ್ಥಳೀಯ', 'ವಿದೇಶಿ' ಎಂಬ ಸಸ್ಯಶಾಸ್ತ್ರದ ವಿಂಗಡಣೆ ಇಲ್ಲಿ ಭಾಷೆಯ ವಿಂಗಡಣೆಯಾಗಿ ಉಳಿಯುವುದಿಲ್ಲ.

ಇನ್ನೊಂದು ಮೂಲ ದಂಡಿನ ಸುತ್ತಲಿನ ಹಳ್ಳಿಗಳದು. ಹಲಸೂರು, ಬಿನ್ನಮಂಗಲ, ತಿಪ್ಪಸಂದ್ರ, ಕೋಡಿಹಳ್ಳಿ, ದೊಮ್ಮಲೂರು, ಬಾಣಸವಾಡಿ, ಕೃಷ್ಣರಾಜಪುರ ಮೊದಲಾದ ಊರುಗಳಲ್ಲಿ ಮರಗಳು ಕೆರೆಯ ಏರಿ, ಗುಡಿಯ ಕಟ್ಟೆ, ಊರ ತೋಪು, ಹೊಲದ ಬದು ಇವುಗಳ ಜೊತೆಯಲ್ಲಿ ಬೆಳೆದವು. ಹಲಸಿನ ತೋಪಿನಿಂದಲೇ ಹಲಸೂರಿಗೆ ಆ ಹೆಸರು ಬಂದಿತೆಂಬುದು ಪ್ರಚಲಿತ ವಿವರಣೆ. ಕೃಷ್ಣರಾಜಪುರದ ಬಳಿಯ ಹೊರಮಾವು ಎಂಬ ಹೆಸರಿನಲ್ಲಿ ಕನ್ನಡದ ಕಿವಿಗೆ ಮಾವು ಕೇಳಿಸುತ್ತದೆ. ಅದಕ್ಕೂ ಪೂರ್ವದ ಕಾಡುಗೋಡಿಯಲ್ಲಿ ಕಾಡು ಕೇಳಿಸುತ್ತದೆ. ಸ್ಥಳನಾಮಗಳ ನಿಷ್ಪತ್ತಿಯನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಊರನ್ನು ಮರದಿಂದ ಗುರುತಿಸುವ ಕ್ರಮ ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿದೆಯೆಂಬುದಷ್ಟೇ ಇಲ್ಲಿ ಪ್ರಸ್ತುತ.

1976 ಈ ಎರಡೂ ಧಾರೆಗಳ ಪಾಲಿಗೆ ನಿರ್ಣಾಯಕವಾದ ವರ್ಷ. ಆ ವರ್ಷವೇ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯೂ ವೃಕ್ಷ ಸಂರಕ್ಷಣಾ ಕಾಯಿದೆಯೂ ಬಂದವು. ಒಂದು ಹಳ್ಳಿಯ ನೆಲವನ್ನು ಬಡಾವಣೆಯಾಗಿಸುವ ಅಧಿಕಾರವನ್ನು ಕೊಟ್ಟಿತು. ಇನ್ನೊಂದು ಆ ನೆಲದ ಮೇಲಿನ ಮರವನ್ನು ಅನುಮತಿಯಿಲ್ಲದೆ ಕಡಿಯಬಾರದೆಂದಿತು. ಬಡಾವಣೆಯ ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕೆಂಬ ನಿಯಮ ಪ್ರಾಧಿಕಾರದ ಕಾಯಿದೆಯಲ್ಲಿದೆ. ಇಲ್ಲಿ 'ಉದ್ಯಾನ'ವು ನಕ್ಷೆಯಲ್ಲಿ ಹೊಸದಾಗಿ ಗೀಚುವ ಜಾಗ. ಮೊದಲೇ ಇದ್ದ ತೋಪನ್ನು ಉದ್ಯಾನವಾಗಿ ಉಳಿಸಿಕೊಳ್ಳಬೇಕೆಂಬ ಒತ್ತಾಯ ಆ ಶೇಕಡಾವಾರಿನಲ್ಲಿಲ್ಲ. ಇಂದಿರಾನಗರದಂಥ ಬಡಾವಣೆಗಳ ಬೀದಿಗಳಿಗೆ ನೆರಳು ಬಂದುದು ಹೊಸ ನೆಡುವಿಕೆಯಿಂದ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಾದ್ಯಂತ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟ ಕಾರ್ಯಕ್ರಮ ಇದರಲ್ಲಿ ಮುಖ್ಯವಾದುದು.

3. ಕಾಯಿದೆ ಕಾಣುವ ಮರ

1976ರ ಕಾಯಿದೆಯ ರಚನೆಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ನಗರ ಪ್ರದೇಶಗಳಿಗೆ ವೃಕ್ಷ ಪ್ರಾಧಿಕಾರ ಇರಬೇಕು. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ವೃಕ್ಷ ಅಧಿಕಾರಿಯಾಗಿರುತ್ತಾರೆ. ಅವರ ಅನುಮತಿಯಿಲ್ಲದೆ, ತನ್ನ ಸ್ವಂತ ನೆಲದಲ್ಲಿ ಬೆಳೆದ ಮರವನ್ನೂ ಯಾರೂ ಕಡಿಯುವಂತಿಲ್ಲ. ಇರುವ ಮರಗಳ ಗಣತಿ, ಸಸ್ಯಕ್ಷೇತ್ರಗಳ ನಿರ್ವಹಣೆ, ಯಾವ ಬಗೆಯ ನೆಲದಲ್ಲಿ ಎಷ್ಟು ಮರಗಳಿರಬೇಕೆಂಬ ಮಾನದಂಡದ ನಿರ್ಧಾರ ಇವು ಪ್ರಾಧಿಕಾರದ ಕರ್ತವ್ಯಗಳು. ನಿಯಮ ಮುರಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂಬುದು ಕಾಯಿದೆ ಗೊತ್ತುಮಾಡಿದ ಶಿಕ್ಷೆ. 1976ರಲ್ಲಿ ಭಾರವಾಗಿ ಕಂಡಿರಬಹುದಾದ ಈ ಮೊತ್ತ, ನಗರದ ನೆಲದ ಬೆಲೆ ಏರಿದಂತೆ ಲೆಕ್ಕಕ್ಕೇ ಬಾರದಂತಾಯಿತು.

ಸ್ವಂತ ನೆಲದ ಮರಕ್ಕೂ ಸಮುದಾಯದ ಹಿತ ತಗುಲಿಕೊಂಡಿದೆಯೆಂಬ ತತ್ತ್ವವನ್ನು ಕಾಯಿದೆ ಒಪ್ಪಿಕೊಂಡುದು ಮಹತ್ವದ ಸಂಗತಿ. ಆದರೆ ಅದರ ಒಳಗಿನ ಪರಿಭಾಷೆಯನ್ನು ಗಮನಿಸಿದರೆ ಬೇರೊಂದು ಚಿತ್ರ ತೆರೆದುಕೊಳ್ಳುತ್ತದೆ. 8ನೆಯ ಪ್ರಕರಣವು ಅನುಮತಿಯನ್ನು ನಿರಾಕರಿಸಬಾರದ ಸಂದರ್ಭಗಳನ್ನು ಪಟ್ಟಿಮಾಡುತ್ತದೆ: ಮರ ಸತ್ತಿದ್ದರೆ, ರೋಗಗ್ರಸ್ತವಾಗಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ, ಸಿಡಿಲುಗಳಿಂದ ಬಹುವಾಗಿ ಹಾನಿಗೊಂಡಿದ್ದರೆ. ಇವುಗಳ ನಡುವೆ, ಕಡಿದಾದ ಇಳಿಜಾರಿನಲ್ಲಿಲ್ಲದ ಮರವು ವನಕೃಷಿಯ ದೃಷ್ಟಿಯಿಂದ ಬಲಿತಿದ್ದರೆ ಎಂಬ ಇನ್ನೊಂದು ಕಾರಣವೂ ಇದೆ.

ಈ ಕೊನೆಯ ಮಾತು ಬಂದುದು ನಾಟಾ ಬೆಳೆಸುವ ಅರಣ್ಯ ಇಲಾಖೆಯ ಪರಿಭಾಷೆಯಿಂದ. ಅಲ್ಲಿ 'ಬಲಿತ ಮರ' ಎಂದರೆ ಕೊಯ್ಲಿಗೆ ಬಂದ ಮರ. ನಗರದ ಬೀದಿಯಲ್ಲಿ ಬಲಿತ ಮರವೆಂದರೆ ಅತಿ ಹೆಚ್ಚು ನೆರಳು ಕೊಡುವ, ಅತಿ ಹೆಚ್ಚು ಹಕ್ಕಿಗಳನ್ನು ಹೊರುವ ಮರ. ಬಲಿತುದನ್ನು ಅರಣ್ಯದ ಭಾಷೆ ಕೊನೆಯೆಂದು ಎಣಿಸಿದರೆ, ಬೀದಿಯ ಬದುಕು ಅದನ್ನು ಫಲದ ಕಾಲವೆಂದು ಎಣಿಸುತ್ತದೆ. ಕಾಡಿನ ಆಡಳಿತಕ್ಕೆ ರೂಪುಗೊಂಡ ಪದವೊಂದು ನಗರದ ಕಾನೂನಿಗೆ ವಲಸೆ ಬಂದಾಗ ಅದರ ಅರ್ಥ ತಲೆಕೆಳಗಾದುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಹಾಗೆಯೇ ಗಾಳಿಮರ, ತೆಂಗು, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ರಬ್ಬರ್ ಮೊದಲಾದ ಮರಗಳಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ತೋಟಗಾರರಿಗೂ ರೈತರಿಗೂ ತಮ್ಮ ಬೆಳೆಯನ್ನು ಕೊಯ್ಯಲು ತೊಂದರೆಯಾಗಬಾರದೆಂಬುದು ಇದರ ಹಿಂದಿನ ತರ್ಕ, ಮತ್ತು ಅದು ನ್ಯಾಯವಾದುದೇ. ಆದರೆ ಇಲ್ಲಿಯೂ ಮರದ ಜಾತಿ ಯಾವುದೆಂಬುದನ್ನು ಕೇಳಲಾಗುತ್ತದೆ. ಆ ಮರ ಎಲ್ಲಿ ನಿಂತಿದೆ, ಯಾವುದರ ಭಾಗವಾಗಿದೆ ಎಂಬುದನ್ನು ಕೇಳುವುದಿಲ್ಲ. ಹೊಲದ ಸಿಲ್ವರ್ ಓಕೂ ಹಳೆಯ ಬೀದಿಯ ಸಿಲ್ವರ್ ಓಕೂ ಪಟ್ಟಿಯಲ್ಲಿ ಒಂದೇ ಆಗುತ್ತವೆ.

ಮುಂದೆ ತಿದ್ದುಪಡಿಯಿಂದ ಸೇರಿದ ಒಂದು ಉಪಬಂಧದಂತೆ, ಕಡಿಯಬೇಕಾದ ಮರಗಳು 50ಕ್ಕಿಂತ ಹೆಚ್ಚಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲುಸೇತುವೆ ಯೋಜನೆಗೆ 812 ಮರಗಳು ಬಲಿಯಾಗಲಿವೆಯೆಂಬ ಸುದ್ದಿ 2016ರಲ್ಲಿ ಹಬ್ಬಿದಾಗ ನಾಗರಿಕರು ಈ ಉಪಬಂಧವನ್ನು ಎತ್ತಿ ಹಿಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಜನರಿಗೆ ಮಾತಾಡುವ ಅವಕಾಶವನ್ನು ಕೊಟ್ಟುದು ಈ ಉಪಬಂಧದ ದೊಡ್ಡ ಗುಣ. ಆದರೆ ಆ ಅವಕಾಶದ ಬಾಗಿಲಲ್ಲಿ ನಿಂತಿರುವುದೂ ಒಂದು ಸಂಖ್ಯೆಯೇ. ಹಳೆಯ ಬೀದಿಯೊಂದರ ಇಡೀ ಸಾಲೇ ಹೋದರೂ ಅದರಲ್ಲಿ 40 ಮರಗಳಿದ್ದರೆ ಪ್ರಕಟಣೆಯ ಕಟ್ಟುಪಾಡಿಲ್ಲ.

4. 'ಮರ' ಮತ್ತು 'ಸಸಿ'

ಕಡಿಯಲು ಅನುಮತಿ ಕೊಡುವಾಗ ವೃಕ್ಷ ಅಧಿಕಾರಿಯು, ಅದೇ ಜಾಗದಲ್ಲಿ ಅಥವಾ ಸೂಕ್ತವಾದ ಬೇರೆ ಜಾಗದಲ್ಲಿ ಅದೇ ಜಾತಿಯ ಇಲ್ಲವೆ ಯೋಗ್ಯವಾದ ಬೇರೆ ಜಾತಿಯ ಮರವನ್ನು ನೆಡಬೇಕೆಂದು ಷರತ್ತು ಹಾಕಬಹುದು. ಕಾಯಿದೆಯ ಇಂಗ್ಲಿಷ್ ಪಾಠದಲ್ಲಿ ಕಡಿಯುವುದಕ್ಕೂ ನೆಡುವುದಕ್ಕೂ ಒಂದೇ ನಾಮಪದ ಬಳಕೆಯಾಗಿದೆ. ಹೀಗಾಗಿ ಒಂದನ್ನು ಕಳೆದು ಇನ್ನೊಂದನ್ನು ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಮೂಲಸೌಕರ್ಯ ಯೋಜನೆಗಳ ಚರ್ಚೆಯಲ್ಲಿ ಮತ್ತೆಮತ್ತೆ ಕೇಳಿಬರುವ 'ಒಂದಕ್ಕೆ ಹತ್ತು' ಎಂಬ ಭರವಸೆ ಈ ಲೆಕ್ಕವನ್ನು ಇನ್ನಷ್ಟು ಉದಾರವಾಗಿ ತೋರಿಸುತ್ತದೆ.

ಇದನ್ನೇ ಕನ್ನಡದಲ್ಲಿ ಹೇಳಿ ನೋಡಬೇಕು. ಬೆಂಗಳೂರು ಸೀಮೆಯ ಕನ್ನಡದಲ್ಲಿ ಕಡಿಯುವುದು 'ಮರ', ನೆಡುವುದು 'ಸಸಿ' ಅಥವಾ 'ಗಿಡ'. ಯಾರೂ 'ಮರ ನೆಟ್ಟೆ' ಎಂದು ಸಲೀಸಾಗಿ ಹೇಳುವುದಿಲ್ಲ; ಹೇಳಿದರೂ ಅದು ಹಿಂದೆ ನೆಟ್ಟು ಈಗ ಮರವಾಗಿರುವುದನ್ನು ಕುರಿತ ಮಾತಾಗಿರುತ್ತದೆ. ಸಸಿ, ಗಿಡ, ಮರ ಎಂಬುದು ಕಾಲದ ಏಣಿ. ಒಂದೊಂದು ಮೆಟ್ಟಿಲಿಗೂ ವರ್ಷಗಳ ಬೆಲೆಯಿದೆ, ನೀರು ಹೊತ್ತವರ ದುಡಿಮೆಯಿದೆ. ಕನ್ನಡದ ವಾಕ್ಯದಲ್ಲಿ 'ಒಂದು ಮರಕ್ಕೆ ಹತ್ತು ಸಸಿ' ಎಂದೊಡನೆ ವಿನಿಮಯದ ಅಸಮಾನತೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಆ ಹತ್ತರಲ್ಲಿ ಎಷ್ಟು ಮರವಾದಾವು, ಯಾವಾಗ, ಎಲ್ಲಿ ಎಂಬ ಪ್ರಶ್ನೆಗಳು ವಾಕ್ಯದ ಒಳಗಿನಿಂದಲೇ ಏಳುತ್ತವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದೊಡ್ಡ ಮರವನ್ನೂ 'ಗಿಡ'ವೆನ್ನುವ ರೂಢಿಯಿದೆಯಲ್ಲ ಎಂದು ಆಕ್ಷೇಪಿಸಬಹುದು. ಅಲ್ಲಿಯೂ ನೆಡುವ ಎಳೆಯದಕ್ಕೆ 'ಸಸಿ', 'ಅಗಿ' ಎಂಬ ಬೇರೆ ಪದಗಳಿವೆ. ಪದದ ಗೆರೆ ಬೇರೆ ಕಡೆ ಬಿದ್ದಿದೆಯೇ ಹೊರತು ಗೆರೆ ಇಲ್ಲದಿಲ್ಲ.

ಹಾಗಾಗಿ ಅನುವಾದವು ಇಲ್ಲಿ ಕೇವಲ ತಾಂತ್ರಿಕ ಕೆಲಸವಾಗುವುದಿಲ್ಲ. ಆಡಳಿತದ ಪ್ರಕಟಣೆಯಲ್ಲಿ 'ಪರಿಹಾರಾತ್ಮಕ ವೃಕ್ಷಾರೋಪಣ' ಎಂಬಂಥ ಸಂಸ್ಕೃತ ಸಮಾಸವನ್ನು ಕಟ್ಟಿದಾಗ, ವೃಕ್ಷವನ್ನೇ ನೆಡಲಾಗುವುದೆಂಬ ಇಂಗ್ಲಿಷಿನ ಭ್ರಮೆ ಕನ್ನಡಕ್ಕೂ ದಾಟುತ್ತದೆ. 'ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವುದು' ಎಂದು ಬರೆದರೆ ಆ ಭ್ರಮೆಗೆ ಎಡೆಯಿಲ್ಲ.

5. ಆರವೆ, ತೋಪು, ಕಟ್ಟೆ, ಸಾಲುಮರ

ಕನ್ನಡವು ಬಿಡಿ ಮರವನ್ನು ಹೆಸರಿಸುವಷ್ಟೇ ವಿಸ್ತಾರವಾಗಿ ಮರಗಳ ಕೂಟವನ್ನೂ ಹೆಸರಿಸಿದೆ. ಶಾಸನಗಳಲ್ಲಿ 'ಆರವೆ' ಎಂಬ ಪದ ಬರುತ್ತದೆ. ಸಂಸ್ಕೃತದ 'ಆರಾಮ'ದಿಂದ ಬಂದ ಇದು ಜನರ ಉಪಯೋಗಕ್ಕಾಗಿ ಬೆಳೆಸಿದ ಉಪವನವನ್ನು ಸೂಚಿಸುತ್ತದೆ. ದತ್ತಿಯನ್ನು ಅಳಿದವನಿಗೆ ತಗಲುವ ಪಾಪವನ್ನು ಹೇಳುವ ಶಾಪಾಶಯಗಳಲ್ಲಿ, ವಾರಣಾಸಿಯನ್ನೂ ಸಾವಿರ ಕವಿಲೆಗಳನ್ನೂ ಅಳಿದ ಪಾಪದ ಜೊತೆಗೆ ಕೆರೆಯನ್ನೂ ಆರವೆಯನ್ನೂ ಅಳಿದ ಪಾಪವನ್ನು ಸೇರಿಸುವುದುಂಟು. ಕೆರೆ ಮತ್ತು ಆರವೆಗಳು ಜೋಡಿಪದದಂತೆ ಬರುವುದು ಇಲ್ಲಿ ಮುಖ್ಯ. ನೀರಿನ ಆಸರೆಯನ್ನೂ ನೆರಳಿನ ಆಸರೆಯನ್ನೂ ಒಂದೇ ಬಗೆಯ ಸಾರ್ವಜನಿಕ ಆಸ್ತಿಯಾಗಿ ಆ ಕಾಲದ ನುಡಿ ಕಂಡಿತ್ತು. ದಾನಭೂಮಿಯ ಎಲ್ಲೆಗಳನ್ನು ಹೇಳುವಾಗ ಹುಣಸೆ, ಆಲ ಮುಂತಾದ ಮರಗಳನ್ನು ಗುರುತಾಗಿ ಕೊಡುವ ಪದ್ಧತಿಯೂ ಶಾಸನಗಳಲ್ಲಿ ಸಾಮಾನ್ಯ. ಅಂಥ ಮರವನ್ನು ಕಡಿದರೆ ಎಲ್ಲೆಯ ಸಾಕ್ಷಿಯೇ ಹೋಗುತ್ತದೆ.

'ತೋಪು' ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಪದ. ಕನ್ನಡ, ತಮಿಳು, ತೆಲುಗುಗಳು ಬೆರೆತ ಹಲಸೂರು, ಶಿವಾಜಿನಗರಗಳಂಥ ಪ್ರದೇಶದಲ್ಲಿ ಇದು ಯಾರಿಗೂ ವಿವರಿಸಬೇಕಾದ ಪದವಲ್ಲ. ಬ್ರಿಟಿಷರ ಭಾರತೀಯ ಇಂಗ್ಲಿಷ್ ಕೂಡ ಇದನ್ನು ಎರವಲು ಪಡೆಯಿತು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಮರಗಳ ಗುಂಪು ಎಂಬ ಅರ್ಥದಲ್ಲಿ ಇದು ದಾಖಲಾಗಿದೆ. ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆಗಳಲ್ಲಿ 'ಗುಂಡುತೋಪು' ಒಂದು ನೆಲದ ವರ್ಗವಾಗಿಯೇ ಉಳಿದುಬಂದಿದೆ. ಊರಿಗೆ ಸೇರಿದ, ಮಾವು, ಹಲಸು, ಹುಣಸೆ, ನೇರಳೆ, ಹೊಂಗೆಗಳ ಈ ಗುಂಪುಗಳಲ್ಲಿ ದನಗಾಹಿಗಳೂ ದಾರಿಹೋಕರೂ ತಂಗುತ್ತಿದ್ದರು, ಜಾತ್ರೆ ಪರಿಷೆಗಳು ಸೇರುತ್ತಿದ್ದವು, ಹಣ್ಣಿನ ಹುಟ್ಟುವಳಿ ಊರಿನ ಖರ್ಚಿಗೆ ಒದಗುತ್ತಿತ್ತು. ಸೀಮಾ ಮುಂಡೋಲಿ, ಹರಿಣಿ ನಾಗೇಂದ್ರ ಮೊದಲಾದವರು ಬೆಂಗಳೂರಿನ ಅಂಚಿನ ಗುಂಡುತೋಪುಗಳನ್ನು ಕುರಿತು ನಡೆಸಿದ ಅಧ್ಯಯನಗಳು, ಇವು ಜನರ ಬದುಕಿಗೆ ಏನನ್ನು ಒದಗಿಸುತ್ತಿದ್ದವು ಮತ್ತು ನಗರ ಬೆಳೆದಂತೆ ಹೇಗೆ ಬೇರೆ ಉಪಯೋಗಗಳಿಗೆ ಸಂದುಹೋದವು ಎಂಬುದನ್ನು ತೋರಿಸಿವೆ.

ಕಟ್ಟೆಯ ವಿಚಾರವೂ ಇಂಥದೇ. ಅರಳಿಯನ್ನೂ ಬೇವನ್ನೂ ಜೊತೆಗೆ ನೆಟ್ಟು, ಮದುವೆ ಮಾಡಿಸಿ, ಸುತ್ತ ಕಲ್ಲು ಕಟ್ಟಿ, ನಾಗರಕಲ್ಲುಗಳನ್ನಿಟ್ಟಾಗ ಅದು 'ಅಶ್ವತ್ಥಕಟ್ಟೆ' ಎನಿಸಿಕೊಳ್ಳುತ್ತದೆ. ಈ ಪದದಲ್ಲಿ ಮರ, ಕಲ್ಲು, ಪೂಜೆ, ಪಂಚಾಯಿತಿ, ಹರಟೆ ಎಲ್ಲವೂ ಅಡಕವಾಗಿವೆ. ಕಾಯಿದೆಗೆ ಇಲ್ಲಿ ಕಾಣುವುದು ಎರಡು ಮರಗಳು. 'ಸಾಲುಮರ' ಎಂಬ ಪದದಲ್ಲಿ ಮರಕ್ಕಿಂತ ಮೊದಲು ಸಾಲು ಬರುತ್ತದೆ. ಸಾಲಿನ ನಡುವಿನ ಒಂದು ಮರ ಹೋದರೆ ಸಾಲೇ ಮುರಿಯುತ್ತದೆಂಬ ಅರಿವು ಪದದ ರಚನೆಯಲ್ಲೇ ಇದೆ. ಬೈಯಪ್ಪನಹಳ್ಳಿಯಿಂದ ಹಲಸೂರು, ಇಂದಿರಾನಗರಗಳ ಮೂಲಕ ಮಹಾತ್ಮ ಗಾಂಧಿ ರಸ್ತೆಗೆ 2011ರ ಅಕ್ಟೋಬರ್ 20ರಂದು ಆರಂಭವಾದ ಮೆಟ್ರೊ ಮಾರ್ಗಕ್ಕಾಗಿ ಮರಗಳನ್ನು ಕಡಿದಾಗ ನಗರ ಮರಗಳ ಜೊತೆಗೆ ನೆರಳಿನ ಒಂದು ಸಾಲನ್ನೂ ಕಳೆದುಕೊಂಡಿತು. ಇಲ್ಲಿ ಮೆಟ್ರೊ ಬೇಕೆ ಬೇಡವೆ ಎಂಬ ವಾದಕ್ಕೆ ಹೋಗುತ್ತಿಲ್ಲ. ಕಳೆದುಕೊಂಡುದು ಏನೆಂಬುದನ್ನು ಹೇಳುವ ಪದ ಕಡತದಲ್ಲಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಲಾಗಿದೆ.

ಕೂಟವನ್ನು ಕಾಣುವ ಕಾನೂನು ಸಾಧ್ಯವೇ ಇಲ್ಲವೆಂದಲ್ಲ. ಬೆಂಗಳೂರಿಗೆ ಹತ್ತಿರದ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆತೋಪು ಇದಕ್ಕೆ ಉದಾಹರಣೆ. ಸುಮಾರು 54 ಎಕರೆಯ ಈ ಹಳೆಯ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿಯೇ ಅಂಥ ಮೊದಲ ತಾಣ ಇದು. ಇಲ್ಲಿ ಕಾನೂನು ಮನ್ನಿಸಿದುದು ತೋಪನ್ನು. ಒಣಗಿದ ಕಾಂಡದಿಂದ ಚಿಗುರೊಡೆದ ಮರ, ಟೊಳ್ಳಾದ ಮರ, ಬಾಗಿ ನೆಲ ಮುಟ್ಟಿದ ಮರ ಎಲ್ಲವೂ ಅದರೊಳಗೆ ಬಂದವು. 1976ರ ಕಾಯಿದೆಯ ಪಟ್ಟಿಯಲ್ಲಿ ಇವುಗಳಲ್ಲಿ ಎಷ್ಟೋ 'ಅಪಾಯಕಾರಿ', 'ರೋಗಗ್ರಸ್ತ' ಎಂಬ ಹಣೆಪಟ್ಟಿಗೆ ಸಿಕ್ಕಬಹುದಿತ್ತು.

6. ಎಣಿಕೆಯಿಂದ ತಾಣಕ್ಕೆ

ಮೇಲಿನ ಹಿನ್ನೆಲೆಯಲ್ಲಿ ದಂಡು ರೈಲ್ವೆ ಕಾಲೊನಿಯ ಪ್ರಸಂಗವನ್ನು ಮತ್ತೊಮ್ಮೆ ನೋಡಬಹುದು. 368 ಎಂಬ ಸಂಖ್ಯೆ ದೊಡ್ಡದಾದ್ದರಿಂದಲೇ ಪ್ರಕಟಣೆ ಅನಿವಾರ್ಯವಾಯಿತು. ಪ್ರಕಟಣೆಯಿಂದಾಗಿಯೇ ನಾಗರಿಕರಿಗೆ ವಿಷಯ ತಿಳಿಯಿತು. ಅಲ್ಲಿಯವರೆಗೆ ಎಣಿಕೆಯ ಭಾಷೆ ತನ್ನ ಕೆಲಸ ಮಾಡಿತೆನ್ನಬೇಕು. ಆದರೆ ಎಣಿಕೆಯ ಭಾಷೆಯಲ್ಲೇ ವಾದ ಮುಂದುವರಿದಿದ್ದರೆ ಚರ್ಚೆ ಮೂರು ದಾರಿಗಳಲ್ಲಿ ಮಾತ್ರ ಹೋಗಬಹುದಿತ್ತು: ಎಷ್ಟು ಮರಗಳನ್ನು ಉಳಿಸಬಹುದು, ಎಷ್ಟನ್ನು ಬೇರೆಡೆಗೆ ಸಾಗಿಸಿ ನೆಡಬಹುದು, ಉಳಿದುದಕ್ಕೆ ಬದಲಾಗಿ ಎಷ್ಟು ಸಸಿ ಹಾಕಬೇಕು. ಮೂರಕ್ಕೂ ಉತ್ತರ ಅಂಕಿಯಲ್ಲಿದೆ. ಮೂರರಲ್ಲಿ ಯಾವ ಉತ್ತರ ಬಂದರೂ ಆ ಜಾಗ ಉಳಿಯುವುದಿಲ್ಲ.

ಪಾರಂಪರಿಕ ತಾಣವೆಂಬ ಪರಿಕಲ್ಪನೆ ಪ್ರಶ್ನೆಯನ್ನೇ ಬದಲಿಸಿತು. ರೈಲ್ವೆಯ ವಸತಿಗಳ ನಡುವೆ ದಶಕಗಳ ಕಾಲ ಬೆಳೆದ ಮರಗಳು, ಅವುಗಳ ಕೆಳಗಿನ ಮುಚ್ಚದ ಮಣ್ಣು, ಅಲ್ಲಿನ ಹಕ್ಕಿ ಹುಳುಗಳು ಒಂದೇ ಘಟಕವಾದವು. ನಲ್ಲೂರಿನ ತೋಪಿಗೂ ದಂಡಿನ ಈ ನೆಲಕ್ಕೂ ಚರಿತ್ರೆಯಲ್ಲಿ ಸಾಮ್ಯವಿಲ್ಲ. ಒಂದು ಊರಿನ ಪರಂಪರೆ, ಇನ್ನೊಂದು ವಸಾಹತು ಕಾಲದಲ್ಲಿ ಮೊಳೆತ ರೈಲ್ವೆ ವಸತಿಯ ಪರಿಸರ. ಆದರೂ ಎರಡೂ ಒಂದೇ ಪ್ರಕರಣದ ಅಡಿಯಲ್ಲಿ ಬರಲು ಸಾಧ್ಯವಾದುದು, ತೋಪು ಎಂಬುದು ಮೂಲದ ಪ್ರಶ್ನೆಯಾಗಿರದೆ ಕೂಡಿ ಬೆಳೆದುದರ ಪ್ರಶ್ನೆಯಾಗಿರುವುದರಿಂದ. ಕನ್ನಡದ 'ತೋಪು' ಪದಕ್ಕೆ ನೆಟ್ಟವರು ಯಾರೆಂಬ ಹಂಗಿಲ್ಲ.

ನ್ಯಾಯಾಲಯದ ಕಟ್ಟೆಯನ್ನು ಏರಿದ ಹಿಂದಿನ ಪ್ರಯತ್ನಗಳಲ್ಲೂ ಈ ಚಲನೆಯ ಎಳೆಗಳಿವೆ. ರಸ್ತೆ ಅಗಲೀಕರಣದಿಂದ ಸಾಲುಮರಗಳಿಗೆ ಬಂದ ಕುತ್ತನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋದಾಗ, ಮರದ ಕಾನೂನನ್ನು ನಗರ ಯೋಜನೆಯ ಕಾನೂನಿನ ಜೊತೆಗಿಟ್ಟು ಓದುವ ವಾದ ಮುಂದೆ ಬಂದಿತು. 2018ರಲ್ಲಿ ಬೆಂಗಳೂರು ಎನ್ವಿರಾನ್‌ಮೆಂಟ್ ಟ್ರಸ್ಟ್ ಭಾಗಿಯಾಗಿದ್ದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯಲ್ಲಿ, ಕಾಯಿದೆಯೇ ಕರ್ತವ್ಯವೆಂದು ಹೇಳಿದ್ದ ಮರಗಣತಿಯ ಪ್ರಶ್ನೆ ನಾಲ್ಕು ದಶಕಗಳ ಬಳಿಕ ನ್ಯಾಯಪೀಠದ ಮುಂದೆ ಬಂದಿತು.

7. ಒಂದು ಆಕ್ಷೇಪಣೆ: ಕಾಡುಗೋಡಿ

ಜಾಗವನ್ನು ಘಟಕವಾಗಿಟ್ಟುಕೊಳ್ಳುವ ಈ ವಾದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಜಾಗಕ್ಕೆ ಹೆಸರಿಡುವ ಅಧಿಕಾರ ಯಾರದು? ಕೃಷ್ಣರಾಜಪುರವನ್ನು ಕೇಂದ್ರವಾಗುಳ್ಳ ಬೆಂಗಳೂರು ಪೂರ್ವ ತಾಲ್ಲೂಕಿನ ಕಾಡುಗೋಡಿಯಲ್ಲಿ, 1896ರಲ್ಲಿ ಅರಣ್ಯವೆಂದು ಅಧಿಸೂಚಿತವಾದ 711 ಎಕರೆಯಲ್ಲಿ ಸುಮಾರು 120 ಎಕರೆಯನ್ನು ಅರಣ್ಯ ಇಲಾಖೆ 2025ರ ಜೂನ್‌ನಲ್ಲಿ ತನ್ನ ವಶಕ್ಕೆ ಪಡೆಯಿತು. ಈ ನೆಲ ತಮಗೆ ಹಿಂದೆಯೇ ಮಂಜೂರಾಗಿತ್ತೆಂದೂ ತಲೆಮಾರುಗಳಿಂದ ತಾವು ಉಳುತ್ತ ಬಂದಿದ್ದೇವೆಂದೂ ಹೇಳುವ ದಲಿತ ರೈತ ಕುಟುಂಬಗಳು ಇದನ್ನು ವಿರೋಧಿಸಿದವು. ಕಡತದಲ್ಲಿ 'ಅರಣ್ಯ'ವಾಗಿರುವುದು ಉಳುವವರ ಮಾತಿನಲ್ಲಿ 'ಹೊಲ'. ಇಲ್ಲಿ ಹೆಸರಿನ ಜಗಳವೇ ಅನ್ನದ ಜಗಳ.

ಆದುದರಿಂದ ಹಳೆಯ ಪದಗಳನ್ನೆಲ್ಲ ಮುಗ್ಧವೆಂದು ಭಾವಿಸಲಾಗದು. ಊರ ತೋಪು ಊರಿನ ಎಲ್ಲರಿಗೂ ಸಮಾನವಾಗಿ ತೆರೆದಿತ್ತೆ, ಕಟ್ಟೆಯ ಮೇಲೆ ಎಲ್ಲರಿಗೂ ಕೂರಲು ಅವಕಾಶವಿತ್ತೆ ಎಂದು ಕೇಳಿದರೆ ಜಾತಿಶ್ರೇಣಿಯ ಸಮಾಜದಲ್ಲಿ ಉತ್ತರ ಸುಲಭವಲ್ಲ. ಆದರೆ ಈ ಕಾರಣಕ್ಕಾಗಿ ಎಣಿಕೆಯ ಭಾಷೆಗೇ ಮರಳುವುದು ಪರಿಹಾರವಾಗದು. ಎಣಿಕೆ ಎಲ್ಲರನ್ನೂ ಸಮವಾಗಿ ಕಾಣುವಂತೆ ತೋರಿದರೂ ಅದು ಜನರನ್ನು ಕೇಳುವುದು 50ರ ಗಡಿ ದಾಟಿದ ಮೇಲೆ ಮಾತ್ರ. ಜೀವವೈವಿಧ್ಯ ಅಧಿನಿಯಮದ 37ನೆಯ ಪ್ರಕರಣವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಬೇಕೆಂದು ಹೇಳುತ್ತದೆ. ಆ ಸಮಾಲೋಚನೆಯಲ್ಲಿ ತೋಪಿನ ನೆರಳಲ್ಲಿ ದನ ಮೇಯಿಸಿದವರೂ ಅದರ ಹೊರಗೆ ನಿಂತವರೂ ಮಾತಾಡುವಂತಾದರೆ ಜಾಗದ ಭಾಷೆಗೆ ನ್ಯಾಯದ ಬಲ ಬರುತ್ತದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳನ್ನು ಹೇಳಬಹುದು. 1976ರ ಕಾಯಿದೆಯು ಸ್ವಂತ ನೆಲದ ಮರವನ್ನೂ ಸಾರ್ವಜನಿಕ ಹಿತದ ವ್ಯಾಪ್ತಿಗೆ ತಂದಿತು. ಆದರೆ ಅದರ ಪರಿಭಾಷೆ ಅರಣ್ಯ ಇಲಾಖೆಯ ನಾಟಾ ಲೆಕ್ಕದಿಂದ ಬಂದುದಾದ್ದರಿಂದ ಅದು ಬಿಡಿ ಮರಕ್ಕೆ ಸೀಮಿತವಾಯಿತು. ಕಡಿದ ಮರಕ್ಕೂ ನೆಟ್ಟ ಸಸಿಗೂ ಒಂದೇ ಪದವನ್ನು ಬಳಸುವ ಭಾಷೆಯಲ್ಲಿ ನಷ್ಟವು ಮರೆಯಾಗುತ್ತದೆ. ಎರಡು ಪದಗಳಿರುವ ಕನ್ನಡದಲ್ಲಿ ಅದು ಕಾಣಿಸುತ್ತದೆ. ಆರವೆ, ತೋಪು, ಕಟ್ಟೆ, ಸಾಲುಮರಗಳು ಮರಗಳ ನಡುವಿನ ಹಾಗೂ ಮರ ಮತ್ತು ಜನರ ನಡುವಿನ ಸಂಬಂಧವನ್ನು ಹೆಸರಿಸುತ್ತವೆ. ನಲ್ಲೂರು ಮತ್ತು ದಂಡಿನ ಪ್ರಸಂಗಗಳು ಅಂಥ ಸಂಬಂಧಕ್ಕೆ ಕಾನೂನಿನಲ್ಲಿ ಜಾಗವಿದೆಯೆಂಬುದನ್ನು ತೋರಿಸುತ್ತವೆ.

ಈ ವಿಚಾರದಲ್ಲಿ ಕನ್ನಡ ಅಧ್ಯಯನ ವಿಭಾಗಗಳು ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರಪಾಲಿಕೆಗಳು ಏರ್ಪಟ್ಟವು. ಶಿವಾಜಿನಗರ ಕೇಂದ್ರ ನಗರಪಾಲಿಕೆಗೂ ಕೃಷ್ಣರಾಜಪುರ ಪೂರ್ವ ನಗರಪಾಲಿಕೆಗೂ ಸೇರಿದವು. ಹೊಸ ಕಚೇರಿಗಳು ಹೊಸ ನಮೂನೆಗಳನ್ನು ಅಚ್ಚು ಹಾಕಿಸುವ ಕಾಲ ಇದು. ಮರಗಣತಿಯ ನಮೂನೆಯಲ್ಲಿ ಮರದ ಸಸ್ಯಶಾಸ್ತ್ರೀಯ ಹೆಸರಿನ ಜೊತೆಗೆ ಆ ಬೀದಿಯವರು ಕರೆಯುವ ಹೆಸರಿಗೂ, ಅದು ಸಾಲಿನದೋ ಕಟ್ಟೆಯದೋ ತೋಪಿನದೋ ಎಂಬ ವಿವರಕ್ಕೂ ಒಂದೊಂದು ಕಲಮು ಇರುವಂತೆ ಒತ್ತಾಯಿಸಬಹುದು. ಸಾರ್ವಜನಿಕ ಪ್ರಕಟಣೆಗಳು ಬೀದಿಯ ಜನಕ್ಕೆ ತಿಳಿಯುವ ಕನ್ನಡದಲ್ಲಿರಲು ಪದಪಟ್ಟಿಯೊಂದನ್ನು ಸಿದ್ಧಪಡಿಸಿ ಕೊಡಬಹುದು. ಹಲಸೂರಿನಿಂದ ಕೃಷ್ಣರಾಜಪುರದವರೆಗಿನ ಹಳೆಯ ಗ್ರಾಮಗಳ ಕಂದಾಯ ದಾಖಲೆಗಳಲ್ಲಿ ಗುಂಡುತೋಪೆಂದು ನಮೂದಾದ ನೆಲಗಳನ್ನು, ಹಿರಿಯರ ನೆನಪುಗಳೊಡನೆ ಹೋಲಿಸಿ ದಾಖಲಿಸುವ ಕ್ಷೇತ್ರಕಾರ್ಯವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಆ ನೆನಪುಗಳನ್ನು ಹೊತ್ತ ತಲೆಮಾರು ಇಂದಿಗೂ ಈ ಊರುಗಳಲ್ಲಿದೆ. ಅವರಿರುವಾಗಲೇ ಈ ಕೆಲಸ ಆರಂಭವಾಗಬೇಕು.